ಹುಡುಕಲು ಕಲಿಸಿದವರಿಗೆ, ಬರೆಯಲು ಕಲಿಸಿದವರಿಗೆ

ಕೋಲಾರ ಸೀಮೆಯ ಕೆರೆಗಳನ್ನು ಕುರಿತ ನನ್ನ ಪಿಎಚ್‌.ಡಿ. ಪ್ರಬಂಧವು ಕಳೆದ ವಾರ ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಅಂಗೀಕಾರವಾಯಿತು. ಶುಭ ಹಾರೈಸಿದ ಎಲ್ಲರಿಗೂ ವಂದನೆಗಳು. ಮಾರ್ಗದರ್ಶಕರಿಗೂ ಮನೆಯವರಿಗೂ ಸಲ್ಲಬೇಕಾದುದನ್ನು ಪ್ರಬಂಧದ ಮೊದಲ ಪುಟಗಳಲ್ಲೇ ಬರೆದಿದ್ದೇನೆ. ಅಲ್ಲಿ ಎರಡು ಸಾಲಿನಲ್ಲಿ ಮುಗಿದುಹೋದ ಒಂದು ಋಣವನ್ನು ಇಲ್ಲಿ ಬಿಡಿಸಿ ಹೇಳಬೇಕೆನಿಸಿದೆ. ಅದು ನಮ್ಮ ಗ್ರಂಥಾಲಯದ ದಕ್ಷಿಣ ಏಷ್ಯಾ ವಿಭಾಗದ ಗ್ರಂಥಪಾಲಕಿಯ ಮತ್ತು ವಿದ್ಯಾರ್ಥಿಗಳ ಬರವಣಿಗೆಗೆ ನೆರವಾಗುವ ಬರವಣಿಗೆ ಕೇಂದ್ರದ ಬೋಧಕರೊಬ್ಬರ ಋಣ.

ಮೂರನೆಯ ವರ್ಷದಲ್ಲಿ ನನ್ನ ಮೊದಲ ಅಧ್ಯಾಯ ಮರಳಿ ಬಂದಾಗ ಅದರ ಅಂಚಿನಲ್ಲಿ, ಇಲ್ಲಿ ಉಲ್ಲೇಖಗಳಿವೆ, ನೀವು ಕಾಣುತ್ತಿಲ್ಲ ಎಂಬ ಟಿಪ್ಪಣಿಯಿತ್ತು. ಓದು ಸಾಲದೆಂದುಕೊಂಡು ಗ್ರಂಥಾಲಯದಿಂದ ಇನ್ನಷ್ಟು ಪುಸ್ತಕಗಳನ್ನು ಹೊತ್ತು ತಂದೆ. ಇಂಗ್ಲಿಷ್ ಸಾಲದೆಂದುಕೊಂಡು ಬರವಣಿಗೆ ಕೇಂದ್ರಕ್ಕೆ ಹೋಗಿ ವಾಕ್ಯಗಳನ್ನು ತಿದ್ದಿಸಿಕೊಂಡೆ. ಅಧ್ಯಾಯ ದಪ್ಪವಾಯಿತೇ ಹೊರತು ನೆಟ್ಟಗಾಗಲಿಲ್ಲ. ಆ ಬೇಸಿಗೆಯಲ್ಲಿ ಎಲ್ಲ ಬಿಟ್ಟು ಊರಿಗೆ ಹೊರಟುಬಿಡುವಷ್ಟು ಸೋತಿದ್ದೆ. ಅದೇ ಹೊತ್ತಿಗೆ ಈ ಎರಡೂ ಕಡೆಯವರು ಸೇರಿ, ಗುರುವಾರದ ಮಧ್ಯಾಹ್ನ ಒಬ್ಬ ವಿದ್ಯಾರ್ಥಿಯೊಂದಿಗೆ ಇಬ್ಬರೂ ಒಂದೇ ಮೇಜಿಗೆ ಕೂರುವ ವ್ಯವಸ್ಥೆಯನ್ನು ಆರಂಭಿಸಿದರು.

ಗ್ರಂಥಪಾಲಕಿ ನನ್ನಿಂದ ಮೊದಲು ಕೇಳಿದ್ದು ನಾನು ಹುಡುಕುವ ಪದಗಳನ್ನು. ಇಲ್ಲಿನ ಗ್ರಂಥಸೂಚಿಗಳು ಕನ್ನಡ ಶೀರ್ಷಿಕೆಗಳನ್ನು ನಿಗದಿತ ಲಿಪ್ಯಂತರ ಕ್ರಮದಲ್ಲಿ ರೋಮನ್ ಅಕ್ಷರಕ್ಕೆ ಇಳಿಸುತ್ತವೆ. ಆ ಕ್ರಮದಲ್ಲಿ ತಾಲವ್ಯ ಶಕಾರಕ್ಕೆ ಎಚ್ ಅಕ್ಷರ ಸೇರುವುದಿಲ್ಲ. ನಾವು ದಿನನಿತ್ಯ ಮೊಬೈಲಿನಲ್ಲಿ ಬರೆಯುವಂತೆ ಎಚ್ ಸೇರಿಸಿ ‘ಶಾಸನ’ವನ್ನು ಹುಡುಕುತ್ತಿದ್ದ ನನಗೆ ಎಷ್ಟೋ ಪುಸ್ತಕಗಳು ಕಣ್ಣಿಗೇ ಬಿದ್ದಿರಲಿಲ್ಲ. ಅವುಗಳಲ್ಲಿ ಕೆಲವು, ಅಮೆರಿಕವು ಭಾರತಕ್ಕೆ ಮಾರಿದ ಧಾನ್ಯದ ರೂಪಾಯಿ ಹಣದಿಂದ 1962ರಿಂದಾಚೆಗೆ ಪಿಎಲ್ 480 ಯೋಜನೆಯಡಿ ಖರೀದಿಯಾಗಿ ಇಲ್ಲಿಗೆ ಬಂದಂಥವು. ನಮ್ಮ ಹಿರಿಯರು ಪಡಿತರದ ಗೋಧಿಯೆಂದು ನೆನೆಯುವ ಆ ಯೋಜನೆಯ ಮುದ್ರೆಯನ್ನು ಹಳೆಯ ಕನ್ನಡ ಪುಸ್ತಕವೊಂದರ ಮೇಲೆ ಕಂಡಾಗ ನಾನು ಬಹಳ ಹೊತ್ತು ಪುಟ ತಿರುಗಿಸದೆ ಕುಳಿತಿದ್ದೆ.

ಪುಸ್ತಕಗಳು ಸಿಕ್ಕಿದ ಮೇಲೆ ಬೋಧಕರ ಪ್ರಶ್ನೆ ಬಂತು: ಈ ಆಕರ ನಿಮ್ಮ ಅಧ್ಯಾಯದಲ್ಲಿ ಯಾವ ಕೆಲಸ ಮಾಡುತ್ತಿದೆ? ಬರವಣಿಗೆ ಬೋಧನೆಯ ವಿದ್ವಾಂಸ ಜೋಸೆಫ್ ಬೈಜಪ್ ಅವರು 2008ರಲ್ಲಿ ಮುಂದಿಟ್ಟ ವಿಂಗಡಣೆಯಂತೆ, ಬರೆಯುವವನು ಒಂದು ಆಕರವನ್ನು ಹಿನ್ನೆಲೆಯಾಗಿ, ಪರಿಶೀಲಿಸುವ ವಸ್ತುವಾಗಿ, ತಾನು ಒಪ್ಪುವ ಅಥವಾ ತಕರಾರು ತೆಗೆಯುವ ವಾದವಾಗಿ, ಇಲ್ಲವೇ ವಿಧಾನವಾಗಿ ಬಳಸುತ್ತಾನೆ. ನನ್ನ ಕರಡಿನ ಅಂಚಿನಲ್ಲಿ ಪ್ರತಿಯೊಂದು ಉಲ್ಲೇಖಕ್ಕೂ ಈ ನಾಲ್ಕರಲ್ಲೊಂದನ್ನು ಬರೆಯಲು ಬೋಧಕರು ಹೇಳಿದರು. ಬಹುಪಾಲು ಹಿನ್ನೆಲೆಯೇ ಆಗಿತ್ತು. ಬಿ.ಎಲ್. ರೈಸ್ ಅವರ 1897ರ ಮೈಸೂರು ಗೆಜೆಟಿಯರ್, ಅಂದರೆ ನಾಡಿನ ವಿವರಗಳ ಸರ್ಕಾರಿ ಗ್ರಂಥ, ಹೇಳಿದ್ದನ್ನೆಲ್ಲ ನಾನು ಸಿದ್ಧಸಂಗತಿಯೆಂದು ಸ್ವೀಕರಿಸಿದ್ದೆ. ಅದು ಆಡಳಿತದ ಕಣ್ಣಿನಿಂದ ಕೆರೆಯನ್ನು ಕಂಡ ದಾಖಲೆಯಾದ್ದರಿಂದ ಅದನ್ನೇ ಪರಿಶೀಲನೆಗೆ ಒಡ್ಡಬೇಕಿತ್ತು. ರೈಸ್ ಅವರೇ ಸಂಪಾದಿಸಿದ ಶಾಸನಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದ 10ನೆಯ ಸಂಪುಟದಲ್ಲಿ ಕೋಲಾರ ಜಿಲ್ಲೆಯ ಶಾಸನಗಳಿವೆ. ಅವುಗಳಲ್ಲಿ ಬರುವ, ಕೆರೆಯ ನಿರ್ವಹಣೆಗೆ ಬಿಟ್ಟ ದತ್ತಿಯಾದ ಬಿತ್ತುವಟ್ಟದ ಮಾತನ್ನು ಗೆಜೆಟಿಯರಿನ ಪಕ್ಕದಲ್ಲಿಟ್ಟು ಓದಿದ ದಿನ ನನಗೆ ಹೇಳಲು ಸ್ವಂತದ್ದೊಂದು ಮಾತು ದೊರೆಯಿತು. ಅಂಥ ಓದಿಗೆ ವಿಧಾನ ಬೇಕೆಂದು ಹೊಳೆದ ಕ್ಷಣವೇ ಗ್ರಂಥಪಾಲಕಿ ಮತ್ತೆ ಹುಡುಕಾಟಕ್ಕೆ ತೊಡಗಿದರು. ಬರೆಯುತ್ತಾ ಹುಡುಕುವುದು, ಹುಡುಕುತ್ತಾ ಬರೆಯುವುದು ಒಂದೇ ಕೆಲಸವೆಂಬುದು ನನಗೆ ಕಂಡದ್ದು ಆ ಮೇಜಿನ ಬಳಿ. ಅವರಿಬ್ಬರೂ ಬೇರೆ ಬೇರೆ ಕೋಣೆಗಳಲ್ಲೇ ಉಳಿದಿದ್ದರೆ ಅದು ನನಗೆ ಕಾಣುತ್ತಿರಲಿಲ್ಲ.

ಕೊನೆಯ ಅಧ್ಯಾಯವನ್ನು ಮುಗಿಸಿದ್ದು ಅವರು ಜೊತೆಯಾಗಿ ನಡೆಸುವ ಇರುಳು ಬರವಣಿಗೆಯ ಕೂಟದಲ್ಲಿ. ಜರ್ಮನಿಯ ವಿಯಾಡ್ರಿನಾ ವಿಶ್ವವಿದ್ಯಾಲಯದಲ್ಲಿ 2010ರಲ್ಲಿ ಆರಂಭವಾದ ಪದ್ಧತಿಯಂತೆ ಇದು. ಅಂದು ರಾತ್ರಿ ಚಹಾ ಮಾಡಿಕೊಟ್ಟ ವಿದ್ಯಾರ್ಥಿ ಸಹಾಯಕರಿಗೂ, ಬೇರೆ ಊರುಗಳ ಗ್ರಂಥಾಲಯಗಳಿಂದ ಸಂಪುಟಗಳನ್ನು ಎರವಲು ತರಿಸಿಕೊಟ್ಟ ಸಿಬ್ಬಂದಿಗೂ ನನ್ನ ನಮಸ್ಕಾರಗಳು.

ಡಿಸೆಂಬರ್‌ವರೆಗೆ ಇಲ್ಲಿಯೇ ಇರುತ್ತೇನೆ. ಕನ್ನಡ ಆಕರಗಳನ್ನಿಟ್ಟುಕೊಂಡು ಸಂಶೋಧನೆ ಮಾಡುವ ವಿದ್ಯಾರ್ಥಿಗಳು ಬಂದರೆ ಗುರುವಾರದ ಮೇಜಿನಲ್ಲಿ ಮೂರನೆಯವಳಾಗಿ ಕೂರಲು ಅವರು ನನ್ನನ್ನು ಕರೆದಿದ್ದಾರೆ, ಸಂತೋಷದಿಂದ ಒಪ್ಪಿಕೊಂಡಿದ್ದೇನೆ.