ಸರಿಪಡಿಸುವ ಮೊದಲಿನ ಅಳತೆಯೂ ದಾಖಲಾಗಲಿ

ಮಾನ್ಯ ಸಂಪಾದಕರೇ,

ಬಾಯ್ಲರ್, ಕಂಪ್ರೆಸರ್, ಪೈಪ್‌ಲೈನ್‌ಗಳ ಮೇಲಿನ ಪ್ರೆಶರ್ ಗೇಜ್‌ಗಳಿಗೆ ಅವಧಿಗೊಮ್ಮೆ ಕ್ಯಾಲಿಬ್ರೇಷನ್ ಮಾಡಿಸಿ ಸ್ಟಿಕ್ಕರ್ ಅಂಟಿಸುವ ಪದ್ಧತಿ ಕಾರ್ಖಾನೆಗಳಲ್ಲಿ ಇದ್ದೇ ಇದೆ. ಆದರೆ ಗೇಜ್ ಬಂದ ಸ್ಥಿತಿಯಲ್ಲಿ ಎಷ್ಟು ತೋರಿಸುತ್ತಿತ್ತು ಎಂಬುದನ್ನು ಬರೆದುಕೊಳ್ಳದೆ, ಮೊದಲು ಮುಳ್ಳನ್ನು ಸರಿಪಡಿಸಿ, ಆಮೇಲೆ ಅಳತೆ ತೆಗೆದು ಪ್ರಮಾಣಪತ್ರ ಕೊಡುವ ರೂಢಿಯನ್ನು ಈ ಕೆಲಸದಲ್ಲಿರುವ ನಾನು ಹಲವು ಕಡೆ ಕಂಡಿದ್ದೇನೆ.

ಕ್ಯಾಲಿಬ್ರೇಷನ್ ಎಂದರೆ ಹೆಚ್ಚು ನಿಖರವಾದ ಮಾನಕದೊಂದಿಗೆ ಹೋಲಿಸಿ ವ್ಯತ್ಯಾಸವನ್ನು ದಾಖಲಿಸುವುದು. ದುರಸ್ತಿ ಬೇರೆಯೇ ಕೆಲಸ. 100 ಬಾರ್ (ಬಾರ್ ಎಂಬುದು ಒತ್ತಡದ ಮಾನ) ವ್ಯಾಪ್ತಿಯ, 1.6 ನಿಖರತಾ ವರ್ಗದ, ಎಂದರೆ ಪೂರ್ಣ ವ್ಯಾಪ್ತಿಯ ಶೇ 1.6ರವರೆಗೆ ದೋಷಕ್ಕೆ ಅವಕಾಶವಿರುವ, ಗೇಜ್‌ಗೆ ಇರುವ ಮಿತಿ ಎರಡೂ ಕಡೆಗೆ 1.6 ಬಾರ್ (±1.6). ಅದು 4 ಬಾರ್ ಕಡಿಮೆ ತೋರಿಸುತ್ತಿದ್ದರೆ, 80 ಬಾರ್ ಎಂದು ನಂಬಿ ನಡೆಸಿದ ಯಂತ್ರ ನಿಜವಾಗಿ 84 ಬಾರ್‌ನಲ್ಲಿ ಓಡಿದೆ ಎಂದರ್ಥ. ಆ ಗೇಜ್ ನೋಡಿ ಹೊಂದಿಸಿದ ಸೇಫ್ಟಿ ವಾಲ್ವ್, ಪಾಸು ಮಾಡಿದ ಒತ್ತಡ ಪರೀಕ್ಷೆ ಎಲ್ಲವನ್ನೂ ಮತ್ತೆ ನೋಡಬೇಕಾಗುತ್ತದೆ. ತಿದ್ದಿದ ನಂತರದ ಅಂಕಿಗಳು ಮಾತ್ರ ಉಳಿದರೆ ಅಂಥದ್ದೊಂದು ಅಗತ್ಯವಿತ್ತೆಂದು ಯಾರಿಗೂ ತಿಳಿಯುವುದಿಲ್ಲ. ಮುಂದಿನ ಕ್ಯಾಲಿಬ್ರೇಷನ್ ಆರು ತಿಂಗಳಿಗೋ ವರ್ಷಕ್ಕೋ ಎಂದು ತೀರ್ಮಾನಿಸಲು ಇರುವ ಮುಖ್ಯ ಆಧಾರವೂ ತಿದ್ದುವ ಮೊದಲಿನ ಅಂಕಿಗಳೇ.

ಪ್ರಯೋಗಾಲಯಗಳಿಗೆ ಅನ್ವಯಿಸುವ ಐಎಸ್‌ಒ/ಐಇಸಿ 17025 ಮಾನದಂಡವು ಹೊಂದಾಣಿಕೆಗೆ ಮೊದಲಿನ ಮತ್ತು ನಂತರದ ಫಲಿತಾಂಶಗಳೆರಡನ್ನೂ, ಲಭ್ಯವಿದ್ದರೆ, ಪ್ರಮಾಣಪತ್ರದಲ್ಲಿ ಕೊಡಬೇಕೆನ್ನುತ್ತದೆ. ತೊಡಕಿರುವುದು ಆ ‘ಲಭ್ಯವಿದ್ದರೆ’ ಎಂಬಲ್ಲಿಯೇ. ಅಳತೆಯನ್ನೇ ತೆಗೆದುಕೊಳ್ಳದವರಿಗೆ ಅದು ಎಂದೂ ಲಭ್ಯವಿರುವುದಿಲ್ಲ!

ಒತ್ತಡವನ್ನು ಏರಿಸುವಾಗ ಮಾತ್ರ ಅಳೆದು ಇಳಿಸುವಾಗ ಬಿಟ್ಟುಬಿಡುವುದೂ ಇಂಥದೇ ಲೋಪ. ಗೇಜ್‌ನೊಳಗಿನ ಬೂರ್ಡನ್ ಕೊಳವೆ (ಮುಳ್ಳನ್ನು ತಿರುಗಿಸುವ ಬಾಗಿದ ಲೋಹದ ಕೊಳವೆ) ಒತ್ತಡಕ್ಕೆ ಬಿಚ್ಚಿಕೊಂಡು, ಒತ್ತಡ ಇಳಿದಾಗ ಅದೇ ದಾರಿಯಲ್ಲಿ ಕರಾರುವಾಕ್ಕಾಗಿ ಮರಳುವುದಿಲ್ಲವಾದ್ದರಿಂದ ಏರಿಕೆಯಲ್ಲಿ ಸರಿಯಿರುವ ಗೇಜ್ ಇಳಿಕೆಯಲ್ಲಿ ಮಿತಿ ಮೀರಬಹುದು. ಶೂನ್ಯದ ಬಳಿ ಮುಳ್ಳು ಒರಗುವ ಪಿನ್ ಇದ್ದರಂತೂ ಅಲ್ಲಿನ ದೋಷ ಕಣ್ಣಿಗೇ ಬೀಳದು. ತೂಕದ ಬಿಲ್ಲೆಗಳ ಭಾರದಿಂದ ನಿಖರ ಒತ್ತಡ ಉಂಟುಮಾಡುವ ಡೆಡ್ ವೇಟ್ ಟೆಸ್ಟರ್ ಬಳಸಿ ಗೇಜ್ ಪರೀಕ್ಷಿಸುವವರು ಸ್ಥಳೀಯ ಗುರುತ್ವವನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆಯೇ ಎಂದೂ ವಿಚಾರಿಸಬೇಕು, ಏಕೆಂದರೆ ಸಮಭಾಜಕ ವೃತ್ತಕ್ಕೂ ಧ್ರುವಕ್ಕೂ ನಡುವೆ ಅದು ಸುಮಾರು ಶೇ 0.5ರಷ್ಟು ಬದಲಾಗುತ್ತದೆ.

ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. ಕ್ಯಾಲಿಬ್ರೇಷನ್‌ಗೆ ಕಳುಹಿಸುವ ಕಾರ್ಖಾನೆಯವರು ತಮ್ಮ ಕಾರ್ಯಾದೇಶದಲ್ಲೇ, ಬಂದ ಸ್ಥಿತಿಯ ಏರಿಕೆ ಮತ್ತು ಇಳಿಕೆ ಅಳತೆಗಳಿಲ್ಲದ ಪ್ರಮಾಣಪತ್ರವನ್ನು ಸ್ವೀಕರಿಸುವುದಿಲ್ಲ ಎಂದು ಸ್ಪಷ್ಟವಾಗಿ ಬರೆಯಲಿ; ಮಿತಿ ಮೀರಿದ ಗೇಜ್ ಸಿಕ್ಕಿದರೆ ಅದನ್ನು ಮುಟ್ಟುವ ಮುನ್ನವೇ ತಮಗೆ ತಿಳಿಸಬೇಕೆಂಬ ಷರತ್ತನ್ನೂ ಸೇರಿಸಲಿ.

ಇತಿ,
ಒಬ್ಬ ಉಪಕರಣ ತಂತ್ರಜ್ಞ