52 ಸೆಕೆಂಡ್ ನಿಂತೆ

ಮೊನ್ನೆ ಆಗಸ್ಟ್ 15ಕ್ಕೆ ನಮ್ಮೂರ ಶಾಲೆಯ ಅಂಗಳದಲ್ಲಿ ರಾಷ್ಟ್ರಗೀತೆ ಮುಗಿಯುವವರೆಗೂ ಕೋಲಿಲ್ಲದೆ ಸಾವಧಾನದಲ್ಲಿ ನಿಂತೆ. ಲೆಕ್ಕಕ್ಕೆ 52 ಸೆಕೆಂಡ್. ಇದೇನು ದೊಡ್ಡ ಮಾತು ಅಂತೀರಾ? ಎರಡೂ ಮೊಣಕಾಲಿಗೆ ಆಪರೇಶನ್ ಆದವರನ್ನು ಕೇಳಿ ನೋಡಿ.

ನಾನು ಸೈನ್ಯದಲ್ಲಿದ್ದವನು, ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರಿನಲ್ಲಿ ಟ್ರೇನಿಂಗ್ ಮುಗಿಸಿದವನು. ನೌಕರಿಯ ಹಲವು ವರ್ಷ ಗಾರ್ಡ್ ಆಫ್ ಆನರ್‌ನಲ್ಲೇ ಕಳೆದೆ. ನಿಲ್ಲೋದೇ ಕೆಲಸ. ಸುಮ್ನೆ ನಿಲ್ಲೋದಲ್ಲ ಮತ್ತೆ. ಮೊಣಕಾಲು ಪೂರ್ತಿ ಬಿಗಿ ಹಿಡಿದರೆ ತಲೆ ತಿರುಗಿ ಬೀಳುತ್ತೀರಿ. ಅದಕ್ಕೇ ಬೂಟಿನೊಳಗೆ ಯಾರಿಗೂ ಕಾಣದ ಹಾಗೆ ಕಾಲ್ಬೆರಳು ಆಡಿಸುತ್ತಿರಬೇಕು. ಮೂಗಿನ ಮೇಲೆ ನೊಣ ಕೂತರೆ ಕೂತಿರಲಿ. ಪಕ್ಕದವನು ಬಿದ್ದರೂ ನೀವು ಅಲುಗುವ ಹಾಗಿಲ್ಲ.

ಸಲಾಮಿ ಶಸ್ತ್ರ, ಅಂದರೆ ಬಂದೂಕು ಎದುರಿಗೆ ಹಿಡಿದು ವಂದಿಸೋದು, ಸುಲಭ. ತೀರಿಹೋದ ಸೈನಿಕನ ಅಂತ್ಯಕ್ರಿಯೆಯಲ್ಲಿ ಮಾಡುವ ಶೋಕ ಶಸ್ತ್ರ ಕಷ್ಟ. ಬಂದೂಕಿನ ನಳಿಗೆ ಕೆಳಗೆ ಮಾಡಿ, ತಲೆ ಬಾಗಿಸಿ ನಿಲ್ಲಬೇಕು. ಬಿಗುಲ್‌ನವನು ಲಾಸ್ಟ್ ಪೋಸ್ಟ್ ಅನ್ನುವ ಬೀಳ್ಕೊಡುಗೆಯ ರಾಗ ಊದುತ್ತಾನೆ. ಬೆಂಕಿ ಇಡುವ ಮೊದಲು ಮೇಲೆ ಹೊದಿಸಿದ ತಿರಂಗ ತೆಗೆಯುತ್ತೇವೆ, ಅದು ಚಿತೆಗೆ ಹೋಗುವಂತಿಲ್ಲ. ಮಡಚಿ ಮನೆಯವರ ಕೈಗೆ ಕೊಡಬೇಕು. ಒಂದು ಹಳ್ಳಿಯಲ್ಲಿ, ತೀರಿಹೋದ ಹುಡುಗನ ಅವ್ವ ನಮ್ಮ ಸಾಲಿನ ಹತ್ತಿರ ಬಂದಳು. ನನ್ನ ಮುಖಾನೇ ನೋಡುತ್ತಾ, "ಮುಂಜಾನಿಂದ ನಿಂತೀಯಲ್ಲೋ ತಮ್ಮಾ, ಉಂಡಿ ಏನು?" ಅಂದಳು. ಉತ್ತರ ಕೊಡುವ ಹಾಗಿರಲಿಲ್ಲ. ಕೊಡಲಿಲ್ಲ. ರಿಟೈರ್ ಆಗಿ ಇಷ್ಟು ವರ್ಷವಾದರೂ ಊಟಕ್ಕೆ ಕೂತಾಗ ಆಕೆ ನೆನಪಾಗುತ್ತಾಳೆ.

ಈಗ ಆಪರೇಶನ್ ಹೊತ್ತಿನಲ್ಲಿ ನನ್ನ ಕೈ ಹಿಡಿದ ನಿಮ್ಮೆಲ್ಲರ ವಿಷಯ. ರಾತ್ರೋರಾತ್ರಿ ಟಂಟಂ ತೆಗೆದು ನನ್ನನ್ನು ಬೆಳಗಾವಿಗೆ ಒಯ್ದ ಪಕ್ಕದ ಮನೆಯ ತಮ್ಮನಿಗೆ, ಡೀಸೆಲ್ ದುಡ್ಡೂ ಮುಟ್ಟದವನಿಗೆ, ಏನು ಹೇಳಲಿ? ಒಂದು ಕಚೇರಿಯಲ್ಲಿ ನನ್ನ ಕಾಗದ ಮೂರು ಸಲ ವಾಪಸ್ ಬಂತು. ಆಗ ಕ್ಯಾಂಪಿನಲ್ಲಿರುವ ಹಳೆ ದೋಸ್ತರು ನನ್ನ ಬದಲು ಸಾಲಿನಲ್ಲಿ ನಿಂತರು. ನಿಲ್ಲೋದು ಅವರಿಗೂ ರೂಢಿ ಅಲ್ವಾ! ಕಾಲು ಮಡಚಿಸಿ ನೋವಿನಲ್ಲಿ ನನ್ನಿಂದ ಬೈಸಿಕೊಂಡ ಫಿಸಿಯೋಥೆರಪಿ ಹುಡುಗಿಗೆ ಕ್ಷಮೆಯೂ ಕೇಳಬೇಕು. ಟ್ರೇನಿಂಗಿನಲ್ಲಿ ಡ್ರಿಲ್ ಕಲಿಸಿದ ನನ್ನ ಉಸ್ತಾದನಿಗಿಂತ ಆಕೆ ಜೋರು. ಹೆಂಡತಿಯ ಹೆಸರು ಹಾಕಿದರೆ ಬೈಯುತ್ತಾಳೆ, ಬಿಡಿ.

ಓಣಿಯ ಹುಡುಗರೇ, ನಾನು ವಾಕರ್ ಹಿಡಿದು ಹೊರಗೆ ಬಂದರೆ ಸಾಕು, "ತೇಜ್ ಚಲ್, ಕಾಕಾ!" ಅಂತ ಪರೇಡಿನ ಹುಕುಂ ಕೂಗುತ್ತಿದ್ದಿರಿ. ಅದೇ ಔಷಧಿ. ದಿನಾ ಒಬ್ಬೊಬ್ಬರ ಮನೆಯಿಂದ ರೊಟ್ಟಿ, ಝುಣಕ ಬಂತು. ಕೊಟ್ಟವರೆಲ್ಲ ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ ಮಾತು, "ಉಂಡ್ರ್ಯಾ ಕಾಕಾ?"

ಉಂಡೆ ತಾಯಿ, ಹೊಟ್ಟೆ ತುಂಬ ಉಂಡೆ.

ವಾಕರ್ ಈಗ ನನಗೆ ಬೇಡ. ಯಾರಿಗಾದರೂ ಬೇಕಿದ್ದರೆ ಮನೆಗೆ ಬಂದು ಒಯ್ಯಿರಿ. ಬ್ರಾಸೋ ಪಾಲಿಶ್ ಹಚ್ಚಿ ಫಳಫಳ ಹೊಳೆಯುವ ಹಾಗೆ ತಿಕ್ಕಿ ಇಟ್ಟಿದ್ದೇನೆ. ಹಳೆ ಚಟ.