ಚಿತ್ರವನ್ನು ಅದರ ಪುಟದಲ್ಲೇ ನೋಡು

ಪ್ರೀತಿಯ ತಂಗಿಗೆ,

ಹಳೆಯ ಪುಸ್ತಕಗಳ ಚಿತ್ರಗಳ ಬಗ್ಗೆ ನೀನು ಕಳಿಸಿದ ಲೇಖನ ಓದಿದೆ. ಬರವಣಿಗೆಯಲ್ಲಿ ಹುರುಪಿದೆ. ಆದರೆ ಚಿತ್ರ ಹಂಚುವ ಜಾಲತಾಣ ಪಿಂಟರೆಸ್ಟಿನಲ್ಲಿ ಸಿಕ್ಕ ಬಿಡಿ ಚಿತ್ರ ನೋಡಿ ಬರೆದದ್ದು ಎಂಬುದು ಎರಡನೇ ಪ್ಯಾರಾಕ್ಕೇ ತಿಳಿಯುತ್ತದೆ. ಆಲಿಸ್ ಕನ್ನಡಿಯೊಳಗೆ ಹೋಗುವ ಚಿತ್ರವನ್ನು ಚೆನ್ನಾಗಿ ಬಣ್ಣಿಸಿದ್ದೀಯ, ಅದರ ಜೋಡಿಯ ಸುದ್ದಿಯೇ ಇಲ್ಲ.

1871ರ ಕೊನೆಗೆ ಬಂದ, ಆಲಿಸ್ ಎಂಬ ಹುಡುಗಿಯ ಬಗ್ಗೆ ಲೂಯಿಸ್ ಕ್ಯಾರಲ್ ಬರೆದ ಮಕ್ಕಳ ಕಥೆ ‘ಥ್ರೂ ದ ಲುಕಿಂಗ್ ಗ್ಲಾಸ್’ಗೆ ಜಾನ್ ಟೆನಿಯಲ್ 50 ಚಿತ್ರ ಬರೆದ. ಮೊದಲ ಆವೃತ್ತಿಯ 11ನೇ ಪುಟದಲ್ಲಿ ಆಲಿಸ್ ಅಗ್ಗಿಷ್ಟಿಕೆಯ ಮೇಲಿನ ಹಲಗೆಗೆ ಮಂಡಿಯೂರಿ ಗಾಜನ್ನು ಒತ್ತುತ್ತಾಳೆ. ಹಾಳೆ ಮಗುಚಿದರೆ 12ನೇ ಪುಟ. ಅಲ್ಲಿ ಆಚೆ ಬದಿಯಿಂದ ಹೊರಬರುತ್ತಿದ್ದಾಳೆ, ಹಲಗೆಯ ಮೇಲಿನ ಗಡಿಯಾರಕ್ಕೆ ಮುದುಕನ ನಗುಮುಖ ಬಂದಿದೆ. ಎರಡೂ ಚಿತ್ರ ಒಂದೇ ಹಾಳೆಯ ಎರಡು ಮಗ್ಗುಲು. ಅಂದರೆ ಆ ಹಾಳೆಯೇ ಕನ್ನಡಿ. 1865ರ ಮೊದಲ ಆಲಿಸ್ ಪುಸ್ತಕದಲ್ಲೂ ಇದೇ ಕೈಚಳಕವಿದೆ: 91ನೇ ಪುಟದಲ್ಲಿ ಮರದ ಮೇಲೆ ಕೂತ ಬೆಕ್ಕು, ಒಂದು ಹಾಳೆ ತಿರುವಿದರೆ 93ನೇ ಪುಟದಲ್ಲಿ ಅದೇ ಜಾಗದಲ್ಲಿ ಮಾಸಿಹೋಗುತ್ತಾ ಬರೀ ನಗು ಉಳಿಸುತ್ತದೆ. ಕತ್ತರಿಸಿ ತೆಗೆದ ಚಿತ್ರದಲ್ಲಿ ಇದು ಕಾಣುವುದು ಹೇಗೆ?

ಆದ್ದರಿಂದ ಬಿಡಿ ಚಿತ್ರ ಸಿಕ್ಕಿದ ಕೂಡಲೇ ಪುಸ್ತಕಕ್ಕೆ ಹೋಗು. ಗೂಗಲ್ ಲೆನ್ಸಿಗೆ ಚಿತ್ರ ಕೊಟ್ಟು ಪುಸ್ತಕದ ಹೆಸರು ತಿಳಿದುಕೊ, ಆಮೇಲೆ ಹಳೆಯ ಪುಸ್ತಕಗಳ ಸ್ಕ್ಯಾನುಗಳಿರುವ ಇಂಟರ್ನೆಟ್ ಆರ್ಕೈವ್ ಅಥವಾ ಹಾಥಿ ಟ್ರಸ್ಟ್ ಜಾಲತಾಣದಲ್ಲಿ ಹುಡುಕು. ಪಟ್ಟಿಯಲ್ಲಿ ಕೊಟ್ಟ ವರ್ಷವನ್ನು ನಂಬದೆ ಶೀರ್ಷಿಕೆ ಪುಟವನ್ನೇ ತೆರೆದು ನೋಡು. ಮರುಮುದ್ರಣಗಳು ಮೊದಲ ಆವೃತ್ತಿಯ ವೇಷದಲ್ಲಿ ಕೂತಿರುತ್ತವೆ, ಅವುಗಳಲ್ಲಿ ಪುಟದ ಲೆಕ್ಕವೂ ಚಿತ್ರದ ಜಾಗವೂ ಬದಲಾಗಿರುತ್ತದೆ. ಪ್ರಾಜೆಕ್ಟ್ ಗುಟೆನ್‌ಬರ್ಗ್ ಜಾಲತಾಣದ ಪಠ್ಯಪ್ರತಿ ಓದಲು ಚೆನ್ನ, ಆದರೆ ಅಲ್ಲಿ ಪುಟವೇ ಇಲ್ಲ. ಬ್ರಿಟಿಷ್ ಲೈಬ್ರರಿ 2013ರಲ್ಲಿ ಫೋಟೊ ತಾಣ ಫ್ಲಿಕರಿಗೆ ಹಾಕಿದ ಹತ್ತು ಲಕ್ಷಕ್ಕೂ ಹೆಚ್ಚು ಚಿತ್ರಗಳು ಯಂತ್ರ ಕತ್ತರಿಸಿ ತೆಗೆದವು. ಸುಮ್ಮನೆ ಅಲೆದಾಡಲು ಅದರಂಥ ಜಾಗ ಇನ್ನೊಂದಿಲ್ಲ, ಪ್ರತಿ ಚಿತ್ರದ ಜೊತೆ ಪುಸ್ತಕದ ಹೆಸರೂ ಪುಟಸಂಖ್ಯೆಯೂ ಇವೆ. ಅದನ್ನು ಹಿಡಿದು ಮೂಲಕ್ಕೆ ಹೋಗು.

ಆರ್ಕೈವಿನಲ್ಲಿ ಪಿಡಿಎಫ್ ಇಳಿಸಬೇಡ. ಕಡತ ಚಿಕ್ಕದಾಗಲೆಂದು ಅದರಲ್ಲಿ ಅಕ್ಷರವನ್ನೂ ಹಿನ್ನೆಲೆಯನ್ನೂ ಬೇರೆ ಮಾಡಿ ಒತ್ತಿರುತ್ತಾರೆ. ಅಕ್ಷರ ಚೊಕ್ಕವಾಗಿಯೇ ಉಳಿಯುತ್ತದೆ, ಚಿತ್ರದ ಸಣ್ಣ ಗೆರೆ ಕಲಸಿಹೋಗುತ್ತದೆ. ‘ಶೋ ಆಲ್’ ಒತ್ತಿ, ಜೆಪಿ2 ಜಿಪ್ ಎಂಬ ಕಡತ, ಅಂದರೆ ಪ್ರತಿ ಪುಟದ ಸ್ಕ್ಯಾನ್ ಬಿಡಿಬಿಡಿಯಾಗಿರುವ ಕಟ್ಟು, ತೆಗೆದುಕೊ. ನೂರಾರು ಎಂಬಿ ಇರುತ್ತದೆ, ಇರಲಿ. ಒಂದೇ ಪುಟ ಸಾಕಿದ್ದರೆ ಓದುವ ಕಿಟಕಿಯಲ್ಲೇ ಪೂರ್ತಿ ಹಿಗ್ಗಿಸಿ, ರೈಟ್ ಕ್ಲಿಕ್ ಮಾಡಿ ಉಳಿಸಿಕೊ. ಚಿತ್ರದ ಜಾಗದಲ್ಲಿ ಮಂಜು ಕವಿದಂತಿದ್ದರೆ ಗಾಬರಿ ಬೇಡ, ಅದು ಚಿತ್ರದ ಮೇಲೆ ಹೊದಿಸಿದ ತೆಳುಕಾಗದ. ಮುಂದಿನ ಪುಟ ನೋಡು. ಮಡಿಸಿಟ್ಟ ದೊಡ್ಡ ಚಿತ್ರವನ್ನು ಬಿಚ್ಚದೆಯೇ ಸ್ಕ್ಯಾನ್ ಮಾಡಿದ್ದರೆ ಮಾತ್ರ ಬೇರೆ ಗ್ರಂಥಾಲಯದ ಪ್ರತಿ ಹುಡುಕಬೇಕು. ನಮ್ಮ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಬಹಳಷ್ಟು ಸ್ಕ್ಯಾನುಗಳಲ್ಲಿ ಬೂದುಬಣ್ಣವೇ ಇಲ್ಲ, ಬರೀ ಕಪ್ಪು ಮತ್ತು ಬಿಳಿ. ಸಣ್ಣ ಚುಕ್ಕಿಗಳಿಂದ ಛಾಯೆ ತೋರಿಸುವ ಹಾಫ್‌ಟೋನ್ ಬ್ಲಾಕಿನ ಚಿತ್ರ ಅದರಲ್ಲಿ ಶಾಯಿ ಚೆಲ್ಲಿದಂತೆ ಕಾಣುತ್ತದೆ. ಅದನ್ನು ನೋಡಿ ಕಲಾವಿದನ ಬಗ್ಗೆ ತೀರ್ಪು ಕೊಡಬೇಡ.

ಈಗ ನೋಡುವ ಕ್ರಮ. ಗೆರೆಯ ಅಂಚು ಕಾಣುವವರೆಗೆ ಹಿಗ್ಗಿಸು. ಟೆನಿಯಲ್ ಚಿತ್ರಗಳು ಮರದ ಕೆತ್ತನೆ. ಬಾಕ್ಸ್ ಎಂಬ ಗಟ್ಟಿ ಮರದ ಅಡ್ಡಕೊಯ್ತದ ಮೇಲೆ ಬಿಳಿ ಬೇಕಾದಲ್ಲೆಲ್ಲ ಉಳಿಯಿಂದ ತೋಡುತ್ತಾರೆ, ತೋಡದೆ ಉಳಿದ ಉಬ್ಬುಗೆರೆ ಶಾಯಿ ಹಿಡಿಯುತ್ತದೆ. ಆಲಿಸಳ ಹಿಂದಿನ ನೆರಳಿನಲ್ಲಿ ಕಪ್ಪು ಗೆರೆಗಳು ಒಂದನ್ನೊಂದು ಹಾಯುತ್ತವಲ್ಲ, ನಡುವೆ ಎಳ್ಳುಕಾಳಿಗಿಂತ ಸಣ್ಣ ಬಿಳಿ ಕಿಂಡಿಗಳು ಉಳಿಯುತ್ತವೆ. ಪೆನ್ನಿನಲ್ಲಿ ಅದು ಎರಡು ಬೀಸು. ಕೆತ್ತುವವನು ಆ ಒಂದೊಂದು ಕಿಂಡಿಯನ್ನೂ ಬೇರೆಬೇರೆಯಾಗಿ ತೋಡಿ ತೆಗೆಯಬೇಕು. ಚಿತ್ರದ ಮೂಲೆಯಲ್ಲಿ ಟೆನಿಯಲನ ಅಂಕಿತದ ಜೊತೆ ಡಾಲ್ಜಿಯಲ್ ಎಂಬ ಹೆಸರಿದೆ. ಆ ದುಡಿಮೆ ಡಾಲ್ಜಿಯಲ್ ಸಹೋದರರ ಕಾರ್ಖಾನೆಯದು. ಲೇಖನದಲ್ಲಿ ಅವರ ಹೆಸರು ಬರಲೇಬೇಕು. ಅಚ್ಚಾದದ್ದು ಮರದ ಬ್ಲಾಕಿನಿಂದಲ್ಲ, ಅದರ ಪಡಿಯಚ್ಚು ತೆಗೆದು ಮಾಡಿದ ಲೋಹದ ಪ್ರತಿಯಿಂದ. ಮೂಲ ಬ್ಲಾಕುಗಳು 1985ರಲ್ಲಿ ಲಂಡನ್ನಿನ ಬ್ಯಾಂಕೊಂದರ ಭದ್ರಕೋಣೆಯಲ್ಲಿ ಸಿಕ್ಕವು. ಲೋಹದ ಪ್ರತಿ ಸವೆದಂತೆ ಗೆರೆ ದಪ್ಪವಾಗುತ್ತದೆ, ಆ ಕಿಂಡಿಗಳು ಮುಚ್ಚಿಹೋಗುತ್ತವೆ. ಅಗ್ಗದ ಮರುಮುದ್ರಣದಲ್ಲಿ ನೆರಳು ಮಸಿಯಾಗುವುದು ಹೀಗೆ.

ಉಬ್ಬುಗೆರೆಗೆ ಶಾಯಿ ಹಿಡಿಯುವುದರಿಂದ ಮರದ ಬ್ಲಾಕನ್ನು ಅಚ್ಚುಮೊಳೆಯ ಜೊತೆ ಒಂದೇ ಪುಟದಲ್ಲಿ ಕೂರಿಸಬಹುದು. ಕನ್ನಡಿಯ ಆಟ ಸಾಧ್ಯವಾದದ್ದೇ ಅದರಿಂದ. ತಾಮ್ರದ ತಗಡಿನಲ್ಲಿ ತಿರುಗುಮುರುಗು, ತೋಡಿದ ಗೀರಿನಲ್ಲಿ ಶಾಯಿ ನಿಲ್ಲುತ್ತದೆ. ಅದಕ್ಕೆ ಬೇರೆ ಯಂತ್ರ, ಸಾಮಾನ್ಯವಾಗಿ ಬೇರೆ ಹಾಳೆ. ಚಿತ್ರಕಾರ ರಾಬರ್ಟ್ ಹೋಮ್ 1794ರಲ್ಲಿ ಪ್ರಕಟಿಸಿದ, ತಾಮ್ರದ ತಗಡಿನ ಚಿತ್ರಗಳಿರುವ ‘ಸೆಲೆಕ್ಟ್ ವ್ಯೂಸ್ ಇನ್ ಮೈಸೂರ್’ ತೆರೆದು, ಬೆಂಗಳೂರು, ಸಾವನದುರ್ಗ, ಶ್ರೀರಂಗಪಟ್ಟಣದ ನೋಟಗಳನ್ನು ಆಲಿಸಳ ಪಕ್ಕದಲ್ಲಿಟ್ಟು ನೋಡು. ಸುತ್ತ ತಗಡಿನ ಅಂಚು ಒತ್ತಿದ ಗುರುತಿಗಾಗಿ ಹುಡುಕು. ಅಂಚು ಕತ್ತರಿಸಿದ ಪ್ರತಿಯಲ್ಲಿ ಅದು ಹೋಗಿರುತ್ತದೆ. ಹೋಮ್ ಬಂದದ್ದು ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಸೇನೆಯ ಜೊತೆ, ಅದನ್ನೂ ಬರೆ.

ಹಕ್ಕಿನ ವಿಚಾರ ಚುಟುಕಾಗಿ: ನಮ್ಮ ಕಾನೂನಿನಲ್ಲಿ ಕಲಾವಿದ ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ. ಲೆಕ್ಕ ಹಾಕಬೇಕಾದದ್ದು ಚಿತ್ರಕಾರನ ಸಾವಿನಿಂದ, ಕಥೆ ಬರೆದವನ ಸಾವಿನಿಂದಲ್ಲ. ಅವನೀಂದ್ರನಾಥ ಠಾಕೂರರು 1951ರಲ್ಲಿ ತೀರಿಕೊಂಡರು, ಅವರ ಚಿತ್ರ ಧಾರಾಳವಾಗಿ ಬಳಸು. ನಂದಲಾಲ್ ಬೋಸ್ 1966ರಲ್ಲಿ, ಹಾಗಾಗಿ 2026 ಮುಗಿಯಬೇಕು. ‘ಚಂದಮಾಮ’ದ ಶಂಕರ್ ತೀರಿಕೊಂಡದ್ದು 2020ರಲ್ಲಿ. ಅವರ ಬೇತಾಳನ ಚಿತ್ರ ಜಾಲದಲ್ಲಿ ಎಲ್ಲೆಲ್ಲೂ ಸಿಗುತ್ತದೆ ಎಂದ ಮಾತ್ರಕ್ಕೆ ಬಿಟ್ಟಿಯಲ್ಲ, ಲೇಖನದಿಂದ ತೆಗೆ.

ತಿದ್ದಿದ ಪ್ರತಿ ಕಳಿಸುವಾಗ 11 ಮತ್ತು 12ನೇ ಪುಟಗಳನ್ನು ಅಂಚು ಕತ್ತರಿಸದೆ ಇಡೀ ಪುಟವಾಗಿಯೇ ಹಾಕು. ಅಕ್ಕಪಕ್ಕ ಬೇಡ, ಒಂದರ ಕೆಳಗೊಂದು ಇಡು. ಓದುವವರು ಮೊದಲನೆಯದನ್ನು ದಾಟಿಯೇ ಎರಡನೆಯದಕ್ಕೆ ಬರಲಿ.